ಬೇಡವೆಂದು ಬಿಟ್ಟದ್ದು

ಹಸ್ತಪ್ರತಿಗಳ ಪಠ್ಯವನ್ನು ಟೈಪ್ ಮಾಡಿಸಲು ನಮ್ಮ ವಿಭಾಗಕ್ಕೆ ಆರು ಹಳೆಯ ಕಂಪ್ಯೂಟರುಗಳು ಬಂದವು. ಎಲ್ಲಕ್ಕೂ ಡೆಬಿಯನ್ ಲಿನಕ್ಸ್ ಹಾಕಬೇಕು. ಡಿಸ್ಕ್ ಚಿಕ್ಕದು, ಮೆಮೊರಿ ಇನ್ನೂ ಚಿಕ್ಕದು. ಸಾಹಿತ್ಯದ ಸಂಶೋಧಕಿಯಾದ ನನ್ನ ತಲೆಗೆ ಈ ಕೆಲಸ ಬಂದದ್ದು ‘ನಿನಗೆ ಕಂಪ್ಯೂಟರ್ ಗೊತ್ತಲ್ಲಮ್ಮಾ’ ಎಂಬ ಒಂದೇ ಕಾರಣಕ್ಕೆ. ಅದೇ ಪ್ರಶ್ನೆಗಳಿಗೆ ಆರು ಸಲ ಅದೇ ಉತ್ತರ ಕೊಡಲು ಬೇಸರವಾಗಿ, ಇದು ತಾನಾಗಿಯೇ ನಡೆಯುವಂತೆ ಮೊದಲು ಯಾರು ಮಾಡಿದರು ಎಂದು ಹುಡುಕತೊಡಗಿದೆ. ಆ ವಾರ ನನ್ನ ಪ್ರಬಂಧದ ಅಧ್ಯಾಯ ಒಂದು ಸಾಲೂ ಮುಂದೆ ಹೋಗಲಿಲ್ಲ.

1993ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಹೊರತಂದ ಸ್ಲಾಕ್‌ವೇರ್ ಫ್ಲಾಪಿಗಳ ಕಾಲದ್ದು. ಅದರಲ್ಲಿ ತಂತ್ರಾಂಶಗಳು ಅಕ್ಷರಗಳ ಸರಣಿಯಲ್ಲಿದ್ದವು: ‘ಎ’ ಮೂಲ ವ್ಯವಸ್ಥೆ, ‘ಎನ್’ ನೆಟ್‌ವರ್ಕ್, ‘ವೈ’ ಆಟಗಳು. ಆಟ ಬೇಡವೇ, ಆ ಸರಣಿಯ ಫ್ಲಾಪಿ ಮುಟ್ಟಬೇಕಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ‘ಟ್ಯಾಗ್‌ಫೈಲ್’. ಪ್ರತಿ ಪ್ಯಾಕೇಜಿನ ಹೆಸರಿನ ಮುಂದೆ ಮೂರಕ್ಷರದ ಗುರುತು: ‘ಎಡಿಡಿ’ ಎಂದರೆ ಸೇರಿಸು, ‘ಎಸ್‌ಕೆಪಿ’ ಎಂದರೆ ಬಿಡು. ಮದುವೆಮನೆಯ ಸಾಮಾನು ಪಟ್ಟಿಯಲ್ಲಿ ಅಜ್ಜಿ ಗೀಟು ಎಳೆದ ಹಾಗೆ. ಮೊದಲೇ ಗುರುತು ಹಾಕಿಟ್ಟರೆ ಇನ್‌ಸ್ಟಾಲರ್ ಮತ್ತೆ ಕೇಳದು. ಆದರೆ ಒಂದು ಪ್ಯಾಕೇಜಿಗೆ ಇನ್ನೊಂದು ಬೇಕೇ ಎಂಬುದನ್ನು ಸ್ಲಾಕ್‌ವೇರ್ ನೋಡುತ್ತಿರಲಿಲ್ಲ. ತಪ್ಪಾಗಿ ಬಿಟ್ಟರೆ ಹೊಣೆ ಬಿಟ್ಟವರದೇ.

ಸನ್ ಕಂಪನಿಯ ಸೊಲಾರಿಸ್‌ಗೆ ಜಂಪ್‌ಸ್ಟಾರ್ಟ್ ಇತ್ತು, ರೆಡ್ ಹ್ಯಾಟ್‌ಗೆ ಕಿಕ್‌ಸ್ಟಾರ್ಟ್ ಬಂತು. ಜಂಪ್‌ಸ್ಟಾರ್ಟ್‌ನ ಜಾಡಿನಲ್ಲೇ ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದ ಥಾಮಸ್ ಲಾಂಗೆ 1999ರಲ್ಲಿ ಡೆಬಿಯನ್‌ಗಾಗಿ ‘ಎಫ್‌ಎಐ’ ಆರಂಭಿಸಿದರು. ಅದು ಯಂತ್ರಗಳನ್ನು ವರ್ಗಗಳಾಗಿ ನೋಡುತ್ತದೆ. ಯಾವ ವರ್ಗಕ್ಕೆ ಯಾವ ಪ್ಯಾಕೇಜು ಎಂದು ಒಮ್ಮೆ ಬರೆದರೆ ಸಾಕು. ಒಂದೇ ಯಂತ್ರ ಹಲವು ವರ್ಗಗಳಿಗೆ ಸೇರಬಹುದು. (ವರ್ಗೀಕರಣವೆಂದರೆ ಕಣ್ಣರಳಿಸುವ ನಮ್ಮಂಥವರಿಗೆ ಇದು ಇಷ್ಟವಾಗದೆ ಇರುತ್ತದೆಯೇ!)

ನಾನು ಹಿಡಿದದ್ದು ಇನ್ನೂ ಸರಳವಾದ ದಾರಿ. 2005ರ ಡೆಬಿಯನ್ 3.1ರಲ್ಲಿ ಹೊಸ ಇನ್‌ಸ್ಟಾಲರ್ ಬಂದಿತ್ತು. ಭಾಷೆ, ಸಮಯವಲಯ, ಡಿಸ್ಕಿನ ವಿಭಜನೆ, ಎಲ್ಲದರ ಉತ್ತರವನ್ನೂ ‘ಪ್ರಿಸೀಡ್’ ಎಂಬ ಫೈಲಿನಲ್ಲಿ ಬರೆದು ಅದಕ್ಕೆ ಕೊಟ್ಟುಬಿಡಬಹುದು. ಡೆಬಿಯನ್ ಪ್ಯಾಕೇಜುಗಳ ನಡುವಿನ ನಂಟಿನಲ್ಲೂ ದರ್ಜೆಗಳಿವೆ: ಇಲ್ಲದೆ ಆಗದು, ಇದ್ದರೆ ಒಳ್ಳೆಯದು, ಬೇಕಿದ್ದರೆ ನೋಡಿ. ಜಾಗ ಉಳಿಸುವ ಹುರುಪಿನಲ್ಲಿ ‘ಇದ್ದರೆ ಒಳ್ಳೆಯದು’ ಎಂಬ ಸಾಲಿನವನ್ನೆಲ್ಲ ಬೇಡವೆಂದು ಬರೆದೆ. ಲಿಬ್ರೆಆಫೀಸ್ ರೈಟರ್, ಒಂದು ಹಗುರ ಡೆಸ್ಕ್‌ಟಾಪ್, ಅಷ್ಟೇ. ಕೈ ಸೋಕಿಸದೆ ಆರೂ ಯಂತ್ರಗಳು ಸಿದ್ಧವಾದವು. ಬೀಗಿದೆ.

ಮರುದಿನ ಟೈಪ್ ಮಾಡುವ ಅಕ್ಕ ಫೈಲ್ ತೆರೆದು ಕೂಗಿದರು: “ಇದೇನಮ್ಮಾ, ಬರೀ ಚೌಕ ಚೌಕ!”

ಕನ್ನಡದ ಫಾಂಟೇ ಇರಲಿಲ್ಲ. ನಾನು ಆರಿಸಿದ ಯಾವ ಪ್ಯಾಕೇಜಿಗೂ ಕನ್ನಡ ‘ಇಲ್ಲದೆ ಆಗದು’ ಎಂಬುದಾಗಿರಲಿಲ್ಲ. ನಾನಾದರೂ ಅದನ್ನು ಬರೆದಿರಬೇಕಿತ್ತಲ್ಲ? ಕನ್ನಡದ ಕೆಲಸಕ್ಕೆಂದೇ ತಂದ ಯಂತ್ರಗಳವು.

ಸಂಜೆ ಪ್ರಿಸೀಡ್‌ನ ಪ್ಯಾಕೇಜ್ ಸಾಲಿಗೆ ಡೆಬಿಯನ್‌ನ ಕನ್ನಡ ಫಾಂಟುಗಳನ್ನೂ ಕನ್ನಡ ಟೈಪಿಂಗಿಗೆ ಬೇಕಾದ ಪ್ಯಾಕೇಜನ್ನೂ ಸೇರಿಸಿ ಆರನ್ನೂ ಮತ್ತೆ ಓಡಿಸಿದೆ. ಆ ಫಾಂಟುಗಳಲ್ಲಿ ಎರಡರ ಹೆಸರು ಗುಬ್ಬಿ, ನವಿಲು. ಬೆಳಿಗ್ಗೆ ಅಕ್ಕ ಏನೂ ಹೇಳದೆ ಒಂದು ಒತ್ತಕ್ಷರ ಒತ್ತಿ ನೋಡಿ, ಕನ್ನಡಕ ಸರಿಮಾಡಿಕೊಂಡು, ಮುಂದಿನ ಪುಟ ಕೇಳಿದರು.