ಇ ಸೊಲಿತಿ ಇನ್ಯೋತಿ

ಮಾರಿಯೊ ಮೊನಿಚೆಲ್ಲಿ ನಿರ್ದೇಶಿಸಿದ ಇಟಲಿಯ ಹಾಸ್ಯಚಿತ್ರ (1958, ಕಪ್ಪು-ಬಿಳುಪು). ರೋಮಿನ ಚಿಲ್ಲರೆ ಕಳ್ಳರ ಗುಂಪೊಂದು ಗಿರವಿ ಅಂಗಡಿಯ ತಿಜೋರಿಗೆ ಕನ್ನ ಹಾಕಲು ಹೊರಟು, ತಪ್ಪು ಗೋಡೆ ಕೊರೆದು, ಪಕ್ಕದ ಅಡುಗೆಮನೆಯಲ್ಲಿದ್ದ ಕಡಲೆಕಾಳಿನ ಪಾಸ್ತಾ ತಿನ್ನುತ್ತಾ ಕೂರುತ್ತದೆ. ಫ್ರೆಂಚ್ ದರೋಡೆಚಿತ್ರ ‘ರಿಫಿಫಿ’ಯ (1955) ಅಣಕವೂ ಹೌದು. ಗಂಭೀರ ರಂಗನಟನೆಂದೇ ಹೆಸರಾಗಿದ್ದ ವಿತ್ತೋರಿಯೊ ಗಾಸ್ಮನ್ ಇಲ್ಲಿ ತೊದಲುವ ಬಾಕ್ಸರ್. ಅವರ ಹಾಸ್ಯನಟನೆಯ ದಾರಿ ತೆರೆದದ್ದೇ ಈ ಪಾತ್ರ. ಮಾರ್ಚೆಲ್ಲೊ ಮಾಸ್ತ್ರೊಯಾನ್ನಿಯದು, ಹೆಂಡತಿ ಜೈಲಿನಲ್ಲಿರುವುದರಿಂದ ಹಸುಗೂಸನ್ನು ತಾನೇ ಸಾಕುವ ಫೋಟೊಗ್ರಾಫರನ ಪಾತ್ರ. ತೋತೊ ಬರುವುದು ಸ್ವಲ್ಪವೇ ಹೊತ್ತು. ಆದರೂ ತಾರಸಿಯ ಮೇಲೆ ಮೇಷ್ಟ್ರ ಗತ್ತಿನಲ್ಲಿ ತಿಜೋರಿ ಒಡೆಯುವ ಪಾಠ ಹೇಳುವ ಅವರ ದೃಶ್ಯವೇ ಚಿತ್ರದ ತುತ್ತತುದಿ. ರೆನಾತೊ ಸಾಲ್ವತೋರಿ, ತಿಬೇರಿಯೊ ಮುರ್ಜಾ, ಸದಾ ಹಸಿದ ಮುದುಕನಾಗಿ ಕಾರ್ಲೊ ಪಿಸಕಾನೆ, ಆಗಿನ್ನೂ ಹೊಸಮುಖವಾಗಿದ್ದ ಕ್ಲೌದಿಯಾ ಕಾರ್ದಿನಾಲೆ ಉಳಿದ ಪ್ರಮುಖರು. ಪಿಯೆರೊ ಉಮಿಲಿಯಾನಿಯ ಸಂಗೀತ ಜಾಜ್ ಶೈಲಿಯದು. ಚಿತ್ರ ಆಸ್ಕರ್‌ನ ವಿದೇಶಿ ಭಾಷಾ ವಿಭಾಗಕ್ಕೆ ನಾಮನಿರ್ದೇಶನಗೊಂಡಿತ್ತು.