ಬಲವಿಲ್ಲದ ಠರಾವಿನ ಬೆಲೆ: ಅಮೆರಿಕದ ರಾಜ್ಯ ಶಾಸನಸಭೆಗಳು ಮತ್ತು ತೈವಾನ್

1979ರ ಜನವರಿ 1ರಂದು ಅಮೆರಿಕ ಬೀಜಿಂಗ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟು ತೈಪೆಯೊಂದಿಗಿನ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿತು. ವಾಷಿಂಗ್ಟನ್ನಿನಲ್ಲಿ ಈಗ ತೈವಾನಿಗೆ ರಾಯಭಾರ ಕಚೇರಿಯಿಲ್ಲ, ಇರುವುದು ‘ಆರ್ಥಿಕ ಮತ್ತು ಸಾಂಸ್ಕೃತಿಕ ಪ್ರತಿನಿಧಿ ಕಚೇರಿ’. ಒಕ್ಕೂಟ ಸರ್ಕಾರ ಬಾಯಿಬಿಟ್ಟು ಹೇಳಲಾಗದ್ದನ್ನು ರಾಜ್ಯ ಶಾಸನಸಭೆಗಳಿಂದ ಠರಾವುಗಳ ಮೂಲಕ ಹೇಳಿಸುವ ಪರಿಪಾಠ ಬೆಳೆದದ್ದು ಈ ಇಕ್ಕಟ್ಟಿನಲ್ಲೇ.

ಠರಾವುಗಳ ಒಕ್ಕಣೆ ಬಹುಮಟ್ಟಿಗೆ ಒಂದೇ ಅಚ್ಚಿನದು. ಸೋದರ ರಾಜ್ಯದ ನಂಟು, ವ್ಯಾಪಾರದ ಅಂಕಿಅಂಶ, ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ತೈವಾನಿಗೆ ಅವಕಾಶ ಸಿಗಲೆಂಬ ಆಗ್ರಹ, ದ್ವಿಪಕ್ಷೀಯ ವಾಣಿಜ್ಯ ಒಪ್ಪಂದದ ಕೋರಿಕೆ. ಪ್ರತಿಯನ್ನು ಯಾರಿಗೆ ಕಳುಹಿಸಬೇಕೆಂಬ ಕೊನೆಯ ಸಾಲನ್ನು ಓದಿದರೆ ಮಾತ್ರ ಇವುಗಳ ಉದ್ದೇಶ ತಿಳಿಯುತ್ತದೆ. ಸ್ಥಳೀಯ ಹಿತವೂ ಗಟ್ಟಿಯಾಗಿಯೇ ಇದೆ: 1998ರಿಂದ ತೈವಾನಿನ ಕೃಷಿ ನಿಯೋಗಗಳು ಸೋಯಾಬೀನ್, ಮೆಕ್ಕೆಜೋಳ, ಗೋಧಿ ಖರೀದಿಯ ಇರಾದೆ ಪತ್ರಗಳಿಗೆ ಸಹಿ ಹಾಕುತ್ತ ಬಂದಿವೆ, 2020ರಲ್ಲಿ ತೈವಾನಿನ ಕಂಪನಿ ಟಿಎಸ್‌ಎಂಸಿ ಅರಿಜೋನಾದಲ್ಲಿ ಚಿಪ್ ಕಾರ್ಖಾನೆ ಕಟ್ಟುವುದಾಗಿ ಘೋಷಿಸಿತು.

ಇವು ಬರೀ ಠರಾವಾಗಿ ಉಳಿಯುವುದಕ್ಕೆ ಕಾರಣವಿದೆ: ಅಮೆರಿಕದ ಸಂವಿಧಾನದ 1ನೇ ವಿಧಿಯ 10ನೇ ಪರಿಚ್ಛೇದ ರಾಜ್ಯಗಳು ವಿದೇಶಗಳೊಂದಿಗೆ ಒಡಂಬಡಿಕೆ ಮಾಡಿಕೊಳ್ಳುವುದನ್ನು ನಿಷೇಧಿಸುತ್ತದೆ. ಮ್ಯಾಸಚೂಸೆಟ್ಸ್ 1996ರಲ್ಲಿ ಬರ್ಮಾದೊಂದಿಗೆ ವ್ಯವಹರಿಸುವ ಕಂಪನಿಗಳಿಂದ ಸರ್ಕಾರಿ ಖರೀದಿಯನ್ನು ನಿರ್ಬಂಧಿಸಿ ಕಾನೂನು ಮಾಡಿತು. ಸುಪ್ರೀಂ ಕೋರ್ಟ್ 2000ದಲ್ಲಿ ಅದನ್ನು ಸರ್ವಾನುಮತದಿಂದ ರದ್ದುಪಡಿಸಿತು. ಕಾಂಗ್ರೆಸ್ಸು ಅಧ್ಯಕ್ಷರಿಗೆ ಕೊಟ್ಟ ವಿವೇಚನೆಗೆ ರಾಜ್ಯ ಅಡ್ಡಬರುವಂತಿಲ್ಲ ಎಂಬುದು ತೀರ್ಪಿನ ತಿರುಳು. ಠರಾವು ಯಾರನ್ನೂ ಕಟ್ಟಿಹಾಕುವುದಿಲ್ಲ, ಆದ್ದರಿಂದಲೇ ನ್ಯಾಯಾಲಯದ ಕಣ್ಣು ಅದರ ಮೇಲೆ ಬೀಳುವುದಿಲ್ಲ.

ಹಾಗಾದರೆ ಇವು ಬರೀ ಕಾಗದವೇ? ಅಭ್ಯಾಸಿಗಳು ಸಾಮಾನ್ಯವಾಗಿ ಹಾಗೆಂದು ಕೈತೊಳೆದುಕೊಳ್ಳುತ್ತಾರೆ. ಠರಾವಿನ ಬೆಲೆಯನ್ನು ಅದರ ಕಾನೂನು ಬಲದಿಂದಲ್ಲ, ಅದಕ್ಕಾಗಿ ಯಾರು ಎಷ್ಟು ಓಡಾಡುತ್ತಾರೆ ಎಂಬುದರಿಂದ ಅಳೆಯಬೇಕೆಂಬುದು ನನ್ನ ವಾದ. ಬೀಜಿಂಗಿನ ಓಡಾಟವನ್ನೇ ನೋಡಿ: 2020ರ ಆರಂಭದಲ್ಲಿ ವಿಸ್ಕಾನ್ಸಿನ್ ಸೆನೆಟ್ಟಿನ ಅಧ್ಯಕ್ಷ ರೋಜರ್ ರಾತ್ ಅವರಿಗೆ ಷಿಕಾಗೋದ ಚೀನಾ ಕಾನ್ಸುಲೇಟಿನಿಂದ ಇಮೇಲ್ ಬಂತು: ಕೊರೊನಾ ವಿರುದ್ಧ ಚೀನಾ ನಡೆಸಿದ ಹೋರಾಟವನ್ನು ಹೊಗಳಿ ಠರಾವು ಮಾಡಿ ಎಂದು. ಕರಡೂ ಜೊತೆಗೇ ಇತ್ತು! ಖಾಸಗಿ ಇಮೇಲ್ ವಿಳಾಸದಿಂದ ಬಂದಿದ್ದರಿಂದ ಯಾರದೋ ಕುಚೇಷ್ಟೆಯೆಂದು ಮೊದಲು ಅವರಿಗೆ ಅನ್ನಿಸಿತ್ತು. ಕೊನೆಗೆ ಅವರು ಕೊಟ್ಟದ್ದು ಒಂದೇ ಪದದ ಉತ್ತರ: ‘ನಟ್ಸ್’. ಎರಡನೇ ಮಹಾಯುದ್ಧದಲ್ಲಿ ಶರಣಾಗಿರೆಂದ ಜರ್ಮನರಿಗೆ ಅಮೆರಿಕದ ಸೇನಾಧಿಕಾರಿ ಬರೆದಿದ್ದ ತಿರಸ್ಕಾರದ ಉತ್ತರವೇ ಅದು. ವ್ಯಾಪಾರದ ಲೆಕ್ಕವೊಂದೇ ಇಂಥ ಠರಾವುಗಳನ್ನು ನಡೆಸುತ್ತಿದ್ದರೆ, ಅಮೆರಿಕದ ಜಿನ್‌ಸೆಂಗ್ ಬೆಳೆಯ ಬಹುಪಾಲನ್ನು ಬೆಳೆದು ಚೀನಾಕ್ಕೆ ಮಾರುವ ರಾಜ್ಯದಿಂದ ಇಂಥ ಉತ್ತರ ಹೋಗುತ್ತಿರಲಿಲ್ಲ.