ಸೆರೆಯಿಂದ ರಣಕ್ಕೆ: ಕೈದಿ ಸೈನಿಕರ ಎರಡೂವರೆ ಶತಮಾನ

ದಂಡಿಗೆ ಆಳು ಸಾಲದೆ ಹೋದಾಗ ಸೆರೆಯಲ್ಲಿರುವವರ ಕಡೆ ಕಣ್ಣು ಹಾಯಿಸುವುದು ರಾಜ್ಯಗಳ ಹಳೆಯ ಚಾಳಿ. ಹೀಗೆ ಸೈನಿಕರಾದವರಲ್ಲಿ ಎರಡು ಬಗೆಯವರಿದ್ದಾರೆ. ಗೆದ್ದ ನಾಡಿನಿಂದ ಹಿಡಿದು ತಂದ ಸೆರೆಯಾಳುಗಳು ಒಂದು ಬಗೆ. ಸ್ವಂತ ನ್ಯಾಯಾಲಯವೇ ಶಿಕ್ಷೆ ವಿಧಿಸಿದ ಅಪರಾಧಿಗಳು ಇನ್ನೊಂದು. ಮೊದಲ ಬಗೆಗೆ ಕರ್ನಾಟಕದಲ್ಲೇ ಸ್ಪಷ್ಟ ದಾಖಲೆಗಳಿವೆ.

1779ರಲ್ಲಿ ಚಿತ್ರದುರ್ಗ ಹೈದರ್ ಅಲಿಯ ವಶವಾಯಿತು. ಅಲ್ಲಿನ ಪಾಳೆಯಗಾರ ಮದಕರಿ ನಾಯಕನ ಪರವಾಗಿ ಕಾದಿದ ಬೇಡರನ್ನು ಸಾವಿರಗಟ್ಟಲೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಮತಾಂತರಿಸಿ, ಕವಾಯತು ಕಲಿಸಿ ‘ಚೇಲಾ’ ಪಲ್ಟಣಗಳನ್ನು ಕಟ್ಟಲಾಯಿತೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಊರು, ಕುಲ, ಹೆತ್ತವರ ನಂಟು ಕಡಿದುಹೋದ ಹುಡುಗನಿಗೆ ದೊರೆಯೊಬ್ಬನೇ ದಿಕ್ಕು ಎಂಬ ಎಣಿಕೆ ಇದರ ಹಿಂದಿತ್ತು. ಎಣಿಕೆ ಎಲ್ಲ ಕಾಲಕ್ಕೂ ಫಲಿಸಲಿಲ್ಲ. ಮಲಬಾರಿನಿಂದ ಬಂದು ಚೇಲನಾಗಿ ಬೆಳೆದ ಶೇಖ್ ಅಯಾಜ್ ಬಿದನೂರಿನ ಅಧಿಕಾರಿಯ ಪದವಿಗೇರಿದ. 1783ರಲ್ಲಿ ಅದೇ ಬಿದನೂರನ್ನು ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸ್‌ಗೆ ಒಪ್ಪಿಸಿದ. ಇಂಗ್ಲಿಷ್ ಸೆರೆಯಾಳುಗಳೂ ಈ ಪಲ್ಟಣಗಳಲ್ಲಿದ್ದರು. ಹುಡುಗನಾಗಿದ್ದಾಗ ಸೆರೆಸಿಕ್ಕ ಜೇಮ್ಸ್ ಸ್ಕರಿ ಬರೆದ ಆತ್ಮಕಥನ ಆ ಬದುಕಿನ ಒಳಗಿನ ಸಾಕ್ಷಿ.

ಕೊಡಗಿನ ಸರದಿ ಬಂದದ್ದು ಟಿಪ್ಪುವಿನ ಕಾಲದಲ್ಲಿ. 1785ರಲ್ಲಿ ಕೊಡಗಿನ ದಂಗೆಯನ್ನು ಹತ್ತಿಕ್ಕಿದ ಮೇಲೆ ಕುಟುಂಬ ಸಮೇತ ದೊಡ್ಡ ಸಂಖ್ಯೆಯ ಜನರನ್ನು ಶ್ರೀರಂಗಪಟ್ಟಣಕ್ಕೆ ಒಯ್ದು, ಗಂಡಸರನ್ನು ‘ಅಹ್ಮದಿ’ ಎಂಬ ಮತಾಂತರಿತರ ಪಡೆಗೆ ಸೇರಿಸಲಾಯಿತು. ಎಷ್ಟು ಜನ ಎಂಬುದು ಇಂದಿಗೂ ತೀರದ ವಿವಾದ. ಟಿಪ್ಪುವಿನ ಆಸ್ಥಾನದ ಕಡೆಯ ಕಿರ್ಮಾನಿ 80,000 ಎನ್ನುತ್ತಾನೆ, ವಿಲ್ಕ್ಸ್ 70,000 ಎನ್ನುತ್ತಾನೆ. ಅಂದಿನ ಕೊಡಗಿನ ಜನಸಂಖ್ಯೆಯ ಅಂದಾಜಿನೊಂದಿಗೆ ಇವು ತಾಳೆಯಾಗುವುದಿಲ್ಲ ಎನ್ನುವ ಇತಿಹಾಸಕಾರರ ವಾದದಲ್ಲಿ ಹುರುಳಿದೆ. ಒಬ್ಬನಿಗೆ ಗೆಲುವನ್ನು ಹಿಗ್ಗಿಸಬೇಕಿತ್ತು, ಇನ್ನೊಬ್ಬನಿಗೆ ಕ್ರೌರ್ಯವನ್ನು. ಆದರೆ ಸೆರೆ ಒಯ್ದದ್ದನ್ನೂ ಪಡೆಗೆ ಸೇರಿಸಿದ್ದನ್ನೂ ಇಬ್ಬರೂ ಅಲ್ಲಗಳೆಯುವುದಿಲ್ಲ.

ಕುಶಾಲನಗರದಿಂದ ಶಿರಂಗಾಲದವರೆಗೆ ಕಾವೇರಿಯೇ ಕೊಡಗು ಮತ್ತು ಮೈಸೂರಿನ ಗಡಿ. ಹೊಳೆಯಾಚೆಯ ಪಿರಿಯಾಪಟ್ಟಣದ ಕೋಟೆಯಲ್ಲಿ ಕೊಡಗಿನ ರಾಜಕುಮಾರ ದೊಡ್ಡ ವೀರರಾಜೇಂದ್ರನನ್ನು ಸೆರೆಯಲ್ಲಿ ಇರಿಸಲಾಗಿತ್ತು. 1788ರಲ್ಲಿ ಆತ ತಪ್ಪಿಸಿಕೊಂಡು ಬಂದು ಕೊಡಗನ್ನು ಮತ್ತೆ ಎಬ್ಬಿಸಿದ. ಶಿರಂಗಾಲದ ಬಳಿ ಕೊಡಗನ್ನು ಬಿಟ್ಟು ಹರಿಯುವ ನದಿ ಕೆಳಗೆ ಶ್ರೀರಂಗಪಟ್ಟಣವನ್ನು ಬಳಸಿ ಹೋಗುತ್ತದೆ. ಅಹ್ಮದಿ ಪಡೆಯ ಕೊಡಗರು ಇದ್ದದ್ದು ಅಲ್ಲಿ. 1792ರ ಫೆಬ್ರವರಿ 6ರ ರಾತ್ರಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಆ ದ್ವೀಪದ ಮೇಲೆ ಬಿದ್ದಾಗ ಎದ್ದ ಗೊಂದಲದಲ್ಲಿ ಅವರು ಸಾವಿರಗಟ್ಟಲೆಯಾಗಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ತವರಿನ ದಾರಿ ಹಿಡಿದರು. ಬಲವಂತದ ಪಡೆ ಏಳು ವರ್ಷ ಹಿಡಿದಿಟ್ಟದ್ದನ್ನು ಒಂದು ಇರುಳು ಬಿಡಿಸಿತು.

ಯುರೋಪಿನ ರಾಜ್ಯಗಳು ಅದೇ ಹೊತ್ತಿಗೆ ಎರಡನೆಯ ಬಗೆಯನ್ನು ರೂಢಿಸಿಕೊಳ್ಳುತ್ತಿದ್ದವು. ಶಿಕ್ಷೆಗೊಳಗಾದವರನ್ನು ಸಾವಿನ ದವಡೆಯಂತಿದ್ದ ಪಶ್ಚಿಮ ಆಫ್ರಿಕದ ಕರಾವಳಿಗೆ ಕಳಿಸಲು ಬ್ರಿಟನ್ನು ರಾಯಲ್ ಆಫ್ರಿಕನ್ ಕೋರ್ ಕಟ್ಟಿಕೊಂಡಿತು. ಫ್ರಾನ್ಸ್ 1832ರಲ್ಲಿ ಉತ್ತರ ಆಫ್ರಿಕದಲ್ಲಿ ‘ಬಾಟ್ ದಾಫ್’ ಎಂದು ಹೆಸರಾದ ದಂಡನಾ ಪಡೆಗಳನ್ನು ತೆರೆಯಿತು. ಜೈಲು ಕಂಡ ಯುವಕರು ಕಡ್ಡಾಯ ಸೇನಾಸೇವೆಯನ್ನು ಮುಗಿಸುತ್ತಿದ್ದದ್ದು ಅಲ್ಲಿ.

ಭಾರತದ ಜೈಲುಗಳಿಗೆ ಮೊದಲ ಮಹಾಯುದ್ಧ ಬಂದದ್ದು 1916ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಕೂಟ್‌ನಲ್ಲಿ ಬ್ರಿಟಿಷ್ ಪಡೆ ಶರಣಾದ ಮೇಲೆ ಮೆಸಪೊಟೇಮಿಯದಲ್ಲಿ ಬ್ರಿಟಿಷ್ ಸೇನೆಯ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕಾಯಿತು. ಬಸ್ರಾ ಬಂದರಿನಲ್ಲಿ ಹಡಗಿನ ಸರಕು ಇಳಿಸಲು, ರಸ್ತೆ ಹಾಸಲು, ಜಾಡಮಾಲಿ ಕೆಲಸಕ್ಕೆ ಆಳು ಸಿಗದಾದಾಗ ಸರ್ಕಾರ ಕೈದಿಗಳ ಮುಂದೆ ಒಪ್ಪಂದವೊಂದನ್ನಿಟ್ಟಿತು: ನಿಗದಿತ ಅವಧಿ ದುಡಿದು ಸನ್ನಡತೆಯಿಂದ ಮರಳಿದರೆ ಉಳಿದ ಶಿಕ್ಷೆ ಮನ್ನಾ. 1916ರ ಅಕ್ಟೋಬರಿನಿಂದ 1919ರ ಜುಲೈವರೆಗೆ ಏಳು ಜೈಲು ಕಾರ್ಮಿಕ ಮತ್ತು ಹಮಾಲಿ ದಳಗಳಲ್ಲಿ ಸುಮಾರು 16,000 ಕೈದಿಗಳು ಅಲ್ಲಿ ದುಡಿದರು. ಅವರ ಕೈಗೆ ಬಂದದ್ದು ಬಂದೂಕಲ್ಲ, ಗುದ್ದಲಿ. ಆದರೂ ಈ ವಿಷಯದ ಬೆಳವಣಿಗೆಯಲ್ಲಿ ಈ ದಳಗಳ ಸ್ಥಾನ ದೊಡ್ಡದು: ಮುಂದಿನ ಕಾಲದ ಒಪ್ಪಂದಗಳ ಮಾದರಿ ಇಲ್ಲಿ ಸಿದ್ಧವಾಗಿ ಕಾಣುತ್ತದೆ. ಮೊದಲ ಮಹಾಯುದ್ಧದ ಸ್ಮರಣೆಗಳಲ್ಲಿ ಇವರಿಗೆ ಸಿಕ್ಕ ಜಾಗ ಮಾತ್ರ ತೀರ ಕಡಿಮೆ. ಹೈಫಾದಲ್ಲಿ ಕುದುರೆಯೇರಿ ನುಗ್ಗಿದ ಮೈಸೂರು ಲ್ಯಾನ್ಸರ್‌ಗಳು ನಾಡಿಗೆಲ್ಲ ಗೊತ್ತು. ಬಸ್ರಾದಲ್ಲಿ ಮೂಟೆ ಹೊತ್ತವರನ್ನು ಕೇಳಿದವರಿಲ್ಲ.

ಎರಡನೆಯ ಮಹಾಯುದ್ಧ ಕೈದಿಗಳನ್ನು ಗುದ್ದಲಿಯಿಂದ ಬಂದೂಕಿಗೆ, ಅದೂ ಮುಂಚೂಣಿಗೆ ತಂದಿತು. ಜರ್ಮನಿಯಲ್ಲಿ 1940ರಲ್ಲಿ ಕಳ್ಳಬೇಟೆಗಾರರನ್ನು ಕೂಡಿಸಿ ಶುರುಮಾಡಿದ ಡಿರ್ಲೆವಾಂಗರ್ ಪಡೆ ಬೇಲಾರೂಸ್ ಮತ್ತು ವಾರ್ಸಾದಲ್ಲಿ ನಡೆಸಿದ ಹತ್ಯಾಕಾಂಡಗಳಿಂದ ಕುಖ್ಯಾತವಾಯಿತು. ಸೋವಿಯತ್ ಒಕ್ಕೂಟದಲ್ಲಿ 1942ರ ಜುಲೈ 28ರಂದು ಸ್ಟಾಲಿನ್ ಹೊರಡಿಸಿದ 227ನೇ ಆದೇಶ ದಂಡನಾ ಪಡೆಗಳಿಗೆ ವ್ಯವಸ್ಥಿತ ರೂಪ ಕೊಟ್ಟಿತು. ಅವಧಿ ಹೆಚ್ಚೆಂದರೆ ಮೂರು ತಿಂಗಳು. ಗಾಯಗೊಂಡರೆ ರಕ್ತದಿಂದ ತಪ್ಪು ತೊಳೆದಂತೆ ಎಂದು ಲೆಕ್ಕ. ಯುದ್ಧ ಮುಗಿಯುವ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಈ ಪಡೆಗಳನ್ನು ಹಾದುಹೋಗಿದ್ದರು. ಸುಭಾಷರ ಆಜಾದ್ ಹಿಂದ್ ಫೌಜಿನಲ್ಲೂ ಯುದ್ಧ ಕೈದಿಗಳಿದ್ದರು. ಆದರೆ ಅವರು ಸೇರಿದ್ದು ತಮ್ಮ ನಾಡಿನ ಬಿಡುಗಡೆಗಾಗಿ ಕಟ್ಟಿದ ಸೇನೆಗೆ. ಆದ್ದರಿಂದ ಅದನ್ನು ಈ ಸಾಲಿನಲ್ಲಿ ಇಡುವುದು ಸರಿಯಲ್ಲ.

ಯುದ್ಧದ ನಂತರ, 1949ರ ಮೂರನೆಯ ಜಿನೀವಾ ಒಪ್ಪಂದ ಯುದ್ಧ ಕೈದಿಯನ್ನು ಶತ್ರುಸೇನೆಯಲ್ಲಿ ದುಡಿಯುವಂತೆ ಬಲವಂತಪಡಿಸುವುದನ್ನು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿತು. ಚೇಲಾ ಪಲ್ಟಣದಂಥ ವ್ಯವಸ್ಥೆಗೆ ಅಲ್ಲಿಗೆ ಕಾನೂನಿನ ಬಾಗಿಲು ಮುಚ್ಚಿತು. ಸ್ವಂತ ಜೈಲಿನ ಕೈದಿಗೆ ಮಾತ್ರ ಆ ರಕ್ಷಣೆ ಬರಲಿಲ್ಲ.

ಆ ಸಂದಿಯಲ್ಲೇ 2022ರಲ್ಲಿ ರಷ್ಯದ ವಾಗ್ನರ್ ಎಂಬ ಖಾಸಗಿ ಪಡೆ ನುಗ್ಗಿತು. ತಾನೇ ಜೈಲಿನಲ್ಲಿದ್ದು ಬಂದಿದ್ದ ಅದರ ಮುಖ್ಯಸ್ಥ ಯೆವ್ಗೆನಿ ಪ್ರಿಗೋಝಿನ್ ಜೈಲಿನಿಂದ ಜೈಲಿಗೆ ಹೋಗಿ ಉಕ್ರೇನ್ ಯುದ್ಧದಲ್ಲಿ ಆರು ತಿಂಗಳ ಸೇವೆಗೆ ಕ್ಷಮಾದಾನದ ಆಸೆ ತೋರಿಸಿದ. ಓಡಿಹೋದವರಿಗೆ ಗುಂಡೇಟು ಎಂಬುದನ್ನೂ ಮುಚ್ಚಿಡಲಿಲ್ಲ. ಸುಮಾರು 50,000 ಕೈದಿಗಳನ್ನು ಸೇರಿಸಿಕೊಂಡಿದ್ದಾಗಿಯೂ ಅವರಲ್ಲಿ ಐದನೆಯ ಒಂದು ಪಾಲು ಸತ್ತಿದ್ದಾಗಿಯೂ ಬಾಖ್ಮುಟ್ ಕಾಳಗದ ನಂತರ ಅವನೇ ಹೇಳಿದ. ಬದುಕಿ ಮರಳಿದವರಲ್ಲಿ ಕೆಲವರು ಊರಲ್ಲಿ ಮತ್ತೆ ಕೊಲೆ ಮಾಡಿ ಸಿಕ್ಕಿಬಿದ್ದರು. ಅವರ ಕೈಯಲ್ಲಿ ಹಿಂದೆ ಸತ್ತವರ ಮನೆಯವರಿಗೆ ಈ ಕ್ಷಮಾದಾನದಲ್ಲಿ ಮಾತೇ ಇರಲಿಲ್ಲ. ರಷ್ಯದ ರಕ್ಷಣಾ ಸಚಿವಾಲಯ ಇದೇ ಕೆಲಸವನ್ನು ‘ಸ್ಟಾರ್ಮ್-ಝಡ್’ ಹೆಸರಿನಲ್ಲಿ ಮುಂದುವರಿಸಿತು. 2024ರ ಮೇ ತಿಂಗಳಲ್ಲಿ ಉಕ್ರೇನ್ ಕೂಡ ಕಾನೂನು ಮಾಡಿ, ಘೋರ ಅಪರಾಧಿಗಳನ್ನು ಹೊರತುಪಡಿಸಿ, ಒಪ್ಪಿ ಬರುವ ಕೈದಿಗಳಿಗೆ ಸೇನೆಯ ದಾರಿ ತೆರೆಯಿತು.

ಸ್ವತಂತ್ರ ಭಾರತದ ಸೇನೆ ಈ ಹಾದಿ ತುಳಿದಿಲ್ಲ. ಕೊಡಗಿನ ಹುಡುಗನೇ ಆಗಲಿ, ಬೇರೆ ಜಿಲ್ಲೆಯವನೇ ಆಗಲಿ, ಭರ್ತಿಗೆ ಹೋದವನ ನಡತೆಯನ್ನು ಪೊಲೀಸರು ಪರಿಶೀಲಿಸದೆ ಅವನಿಗೆ ಸಮವಸ್ತ್ರ ಸಿಗುವುದಿಲ್ಲ.